ಕಿಡಿಯೂ ಕಾಡೂ

ಒಲೆಯಲ್ಲಿ ಅನ್ನವನ್ನು ಬೇಯಿಸುವ ಬೆಂಕಿ, ದೀಪದ ಕುಡಿಯಲ್ಲಿ ಮನೆಯನ್ನು ಬೆಳಗುವ ಬೆಂಕಿ, ಒಣಗಿದ ಕಾಡನ್ನು ಹೊಕ್ಕಾಗ ದಾವಾನಲವಾಗುತ್ತದೆ. ಅರಣಿಯನ್ನು ಕಡೆದು ಯಜ್ಞಕುಂಡದಲ್ಲಿ ಪ್ರತಿಷ್ಠಿಸಿದ ಅಗ್ನಿಯನ್ನೂ ಖಾಂಡವವನವನ್ನು ಕಬಳಿಸಿದ ಅಗ್ನಿಯನ್ನೂ ನಮ್ಮ ಹಿರಿಯರು ಒಬ್ಬನೇ ದೇವತೆಯೆಂದು ಕಂಡರು. ಎರಡು ಕಡೆಯೂ ಅಗ್ನಿಯ ಸ್ವಭಾವ ಒಂದೇ. ಬೇರೆಯಾದುದು ಅದಕ್ಕೆ ಹಾಕಿದ ಎಲ್ಲೆ, ಅದಕ್ಕೆ ದೊರೆತ ಆಹಾರ. ಜನವಸತಿಯಿಂದ ದೂರವಾದ ಅರಣ್ಯಗಳಲ್ಲಿಯೂ ಪರ್ವತಗಳಲ್ಲಿಯೂ ಸಂಚರಿಸುವವರು ಈ ಮಾತನ್ನು ಕ್ಷಣಕಾಲವೂ ಮರೆಯುವಂತಿಲ್ಲ. ಅಂಥವರ ಮುಂದೆ ಒಂದು ಪ್ರಶ್ನೆ ನಿಲ್ಲುತ್ತದೆ. ಬೆಂಕಿಯನ್ನು ಹಚ್ಚಕೂಡದೆಂಬ ಸರ್ಕಾರದ ಆಜ್ಞೆ ಜಾರಿಯಲ್ಲಿರುವಾಗ ಕಾಡಿಗೆ ಹೋಗುವವನು ಬೆಂಕಿ ಹೊತ್ತಿಸುವ ಸಾಧನವನ್ನು ತನ್ನೊಡನೆ ಒಯ್ಯಬೇಕೆ, ಬೇಡವೆ? ಒಯ್ದರೆ, ಅದನ್ನು ಬಳಸುವ ಹೊತ್ತು ಯಾವುದು?

ಈ ಪ್ರಶ್ನೆ ತೀವ್ರವಾಗಿ ಎದುರಾಗುವುದು ಅಮೆರಿಕದ ಸಂಯುಕ್ತ ಸಂಸ್ಥಾನಗಳ ಪಶ್ಚಿಮ ಭಾಗದಲ್ಲಿ. ಅಲ್ಲಿ ಪೈನ್ ಮರಗಳ ವಿಸ್ತಾರವಾದ ಅರಣ್ಯಗಳಿವೆ. ಕ್ಯಾಲಿಫೋರ್ನಿಯಾದಂಥ ಪ್ರಾಂತಗಳಲ್ಲಿ ಮಳೆ ಬೀಳುವುದು ಮುಖ್ಯವಾಗಿ ಚಳಿಗಾಲದಲ್ಲಿ. ಬೇಸಗೆಯ ತಿಂಗಳುಗಳಲ್ಲಿ ಹನಿಯೂ ಉದುರದೆ ಹುಲ್ಲು, ಪೊದೆ, ಸೂಜಿಯಂಥ ಪೈನ್ ಎಲೆಗಳ ಹಾಸು ಎಲ್ಲವೂ ಒಣಗಿ ಸೌದೆಯಾಗುತ್ತವೆ. 1910ರ ಆಗಸ್ಟ್ 20 ಮತ್ತು 21ರಂದು ಐಡಾಹೊ, ಮೊಂಟಾನ ಪ್ರಾಂತಗಳಲ್ಲಿ ಬಿರುಗಾಳಿಯೊಡನೆ ಹಬ್ಬಿದ ಬೆಂಕಿ ಎರಡೇ ದಿನಗಳಲ್ಲಿ ಸುಮಾರು 30 ಲಕ್ಷ ಎಕರೆ ಅರಣ್ಯವನ್ನು ಸುಟ್ಟುಹಾಕಿತು. ಎಂಬತ್ತಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. 1905ರಲ್ಲಿ ಸ್ಥಾಪನೆಯಾಗಿದ್ದ ಆ ದೇಶದ ಅರಣ್ಯ ಇಲಾಖೆ ಅಂದಿನಿಂದ ಬೆಂಕಿಯನ್ನು ತನ್ನ ಪ್ರಧಾನ ಶತ್ರುವೆಂದು ಎಣಿಸಿತು.

ಇಂದು ಅಲ್ಲಿ ಕಾಡು ಒಣಗತೊಡಗಿದೊಡನೆ ನಿರ್ಬಂಧಗಳು ಹಂತಹಂತವಾಗಿ ಜಾರಿಗೆ ಬರುತ್ತವೆ. ಸಾಮಾನ್ಯವಾಗಿ ಮೊದಲ ಹಂತದಲ್ಲಿ, ಇಲಾಖೆಯೇ ಕಟ್ಟಿಸಿದ ಅಗ್ನಿಕುಂಡಗಳಲ್ಲಿ ಮಾತ್ರ ಬೆಂಕಿ ಹಾಕಿಕೊಳ್ಳಲು ಅನುಮತಿಯುಂಟು. ಎರಡನೆಯ ಹಂತದಲ್ಲಿ ಅದೂ ಇಲ್ಲ. ತಿರುಪನ್ನು ತಿರುಗಿಸಿದೊಡನೆ ಆರುವ ಅನಿಲದ ಒಲೆಗೆ ಮಾತ್ರ ಅವಕಾಶವಿರುತ್ತದೆ. ಅಪಾಯ ಇನ್ನೂ ಹೆಚ್ಚಿದರೆ ಅರಣ್ಯದೊಳಕ್ಕೆ ಪ್ರವೇಶವನ್ನೇ ಮುಚ್ಚುವುದುಂಟು. ಆಜ್ಞೆಯನ್ನು ಮೀರಿದವರಿಗೆ ದಂಡವೂ ಸೆರೆಮನೆವಾಸವೂ ಕಾದಿರುತ್ತವೆ.

ಆದರೆ ಅದೇ ನಾಡಿನ ಪರ್ವತಾರೋಹಿಗಳು ಹೇಳುವ ಮಾತು ಮೇಲುನೋಟಕ್ಕೆ ಇದಕ್ಕೆ ವಿರುದ್ಧವಾಗಿದೆ. ಸಿಯಾಟಲ್ ನಗರದಲ್ಲಿ 1906ರಲ್ಲಿ ಹುಟ್ಟಿದ ‘ದಿ ಮೌಂಟನಿಯರ್ಸ್’ ಎಂಬ ಸಂಘ, ಬೆಟ್ಟ ಹತ್ತುವ ಪ್ರತಿಯೊಬ್ಬನ ಚೀಲದಲ್ಲಿಯೂ ಇರಲೇಬೇಕಾದ ಹತ್ತು ವಸ್ತುಗಳ ಪಟ್ಟಿಯೊಂದನ್ನು 1930ರ ದಶಕದಲ್ಲಿ ರೂಪಿಸಿತು. ನಕ್ಷೆ, ದಿಕ್ಸೂಚಿ, ದೀಪ, ಹೆಚ್ಚಿನ ಆಹಾರ, ಹೆಚ್ಚಿನ ಉಡುಪು, ಚಾಕು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಮುಂತಾದವುಗಳ ಜೊತೆಗೆ ಬೆಂಕಿಕಡ್ಡಿಯೂ ಬೆಂಕಿಯನ್ನು ಬೇಗ ಹತ್ತಿಸುವ ಉರುವಲೂ ಆ ಪಟ್ಟಿಯಲ್ಲಿ ಸೇರಿವೆ. ಒಂದು ಕಡೆ ಬೆಂಕಿ ಬೇಡವೆನ್ನುವ ಶಾಸನ. ಇನ್ನೊಂದು ಕಡೆ ಬೆಂಕಿಯ ಸಾಧನವಿಲ್ಲದೆ ಹೊರಡಬೇಡವೆನ್ನುವ ಅನುಭವ. ಇವೆರಡರಲ್ಲಿ ವಿರೋಧವಿಲ್ಲ. ಅಲ್ಲಿಯ ನಿರ್ಬಂಧ ಬೆಂಕಿಯನ್ನು ಹಚ್ಚುವುದಕ್ಕೆ ಸಂಬಂಧಿಸಿದ್ದೇ ಹೊರತು ಬೆಂಕಿಕಡ್ಡಿಯನ್ನು ಇಟ್ಟುಕೊಳ್ಳುವುದಕ್ಕೆ ಸಂಬಂಧಿಸಿದ್ದಲ್ಲ. ಒಯ್ಯುವುದು ಬೇರೆ, ಹಚ್ಚುವುದು ಬೇರೆ. ಈ ಎರಡರ ನಡುವೆ ನಿಲ್ಲಬೇಕಾದುದು ಮನುಷ್ಯನ ವಿವೇಕ.

ಒಯ್ಯುವ ಅಗತ್ಯವಾದರೂ ಏನು? ನಮ್ಮ ದೇಹದ ಒಳಗಿನ ಉಷ್ಣತೆ ಸುಮಾರು 37 ಡಿಗ್ರಿ ಸೆಂಟಿಗ್ರೇಡ್. ಅದು 35 ಡಿಗ್ರಿಗಿಂತ ಕೆಳಗಿಳಿಯುವ ಸ್ಥಿತಿಯನ್ನು ವೈದ್ಯರು ಹೈಪೊಥರ್ಮಿಯಾ ಎಂದು ಕರೆಯುತ್ತಾರೆ. ಮೊದಲು ಮೈ ನಡುಗುತ್ತದೆ, ಬೆರಳುಗಳು ಮರಗಟ್ಟುತ್ತವೆ, ನಾಲಿಗೆ ತೊದಲುತ್ತದೆ, ನಡಿಗೆ ತಡವರಿಸುತ್ತದೆ, ಕೊನೆಗೆ ಬುದ್ಧಿಯೇ ಮಂಕಾಗುತ್ತದೆ. ಇದಕ್ಕೆ ಹಿಮಪಾತವೇ ಆಗಬೇಕೆಂದಿಲ್ಲ. ನೀರು ಹೆಪ್ಪುಗಟ್ಟದಷ್ಟು ಚಳಿಯಲ್ಲಿಯೂ ಮಳೆಯಿಂದ ತೊಯ್ದ ಬಟ್ಟೆ ಮತ್ತು ಬೀಸುವ ಗಾಳಿ ಸೇರಿದರೆ ಸಾಕು, ದೇಹದ ಶಾಖ ಬೇಗಬೇಗನೆ ಸೋರಿಹೋಗುತ್ತದೆ. ಎತ್ತರದ ಪರ್ವತಗಳಲ್ಲಿ ಬೇಸಗೆಯ ನಡುವೆಯೂ ಹಠಾತ್ತಾಗಿ ಬಿರುಮಳೆ ಸುರಿಯಬಹುದು. ಅಂಥ ರಾತ್ರಿಯಲ್ಲಿ ಕಾಲು ಮುರಿದು ಬಿದ್ದವನಿಗೆ ಅಂಗೈಯಗಲದ ಬೆಂಕಿ ಪ್ರಾಣವನ್ನು ಉಳಿಸಬಲ್ಲುದು.

ಆ ಬೆಂಕಿಯನ್ನು ಹೊತ್ತಿಸುವ ಸಾಧನಗಳೂ ತಮ್ಮ ತಮ್ಮ ಗುಣದೋಷಗಳನ್ನು ಹೊಂದಿವೆ. ಬೆಂಕಿಕಡ್ಡಿಗೆ ತೇವವೇ ಶತ್ರು. ಆದುದರಿಂದ ಅದನ್ನು ನೀರು ಹೊಗದ ಡಬ್ಬಿಯಲ್ಲಿ ಇಡಬೇಕು. ಲೈಟರಿನಲ್ಲಿರುವ ಬ್ಯುಟೇನ್ ದ್ರವ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಸರಿಯಾಗಿ ಅನಿಲವಾಗುವುದಿಲ್ಲ. ಆದ್ದರಿಂದ ಚಳಿಯಲ್ಲಿ ಅದನ್ನು ಒಳಜೇಬಿನಲ್ಲಿ ಮೈಯ ಶಾಖಕ್ಕೆ ತಾಗುವಂತೆ ಇರಿಸಿಕೊಳ್ಳಬೇಕು. ಇವೆರಡಕ್ಕಿಂತ ನೆಚ್ಚಬಹುದಾದುದು ಫೆರೋಸೀರಿಯಂ ಎಂಬ ಮಿಶ್ರಲೋಹದ ಸಣ್ಣ ಸಲಾಕೆ. ಕಬ್ಬಿಣ, ಸೀರಿಯಂ ಮೊದಲಾದ ಲೋಹಗಳನ್ನು ಬೆರೆಸಿ ಇದನ್ನು 1903ರಲ್ಲಿ ಕಂಡುಹಿಡಿದವನು ಆಸ್ಟ್ರಿಯಾದ ರಸಾಯನಶಾಸ್ತ್ರಜ್ಞ ಕಾರ್ಲ್ ಔವರ್ ಫಾನ್ ವೆಲ್ಸ್‌ಬಾಖ್. ಪೆಟ್ರೋಮ್ಯಾಕ್ಸ್ ದೀಪದಲ್ಲಿ ಬೆಳ್ಳಗೆ ಬೆಳಗುವ ಮ್ಯಾಂಟಲ್ ಕೂಡ ಮೂಲತಃ ಅವನ ಸೃಷ್ಟಿಯೇ. ಉಕ್ಕಿನ ಅಲಗಿನಿಂದ ಸಲಾಕೆಯನ್ನು ಬಲವಾಗಿ ಕೆರೆದರೆ ಅದರ ಸೂಕ್ಷ್ಮ ಚೂರುಗಳು ಗಾಳಿ ತಗುಲಿದೊಡನೆ ಹೊತ್ತಿಕೊಂಡು ಸುಮಾರು ಮೂರು ಸಾವಿರ ಡಿಗ್ರಿ ಶಾಖದ ಕಿಡಿಗಳಾಗಿ ಉದುರುತ್ತವೆ. ನೀರಿನಲ್ಲಿ ಅದ್ದಿ ತೆಗೆದರೂ ಒರಸಿ ಕೆರೆದರೆ ಕಿಡಿ ಕೊಡುತ್ತದೆ. ನಮ್ಮ ಹಳೆಯ ಚಕಮಕಿ ಕಲ್ಲಿನ ಬಲಿಷ್ಠನಾದ ಮೊಮ್ಮಗನೆಂದು ಇದನ್ನು ಕರೆಯಬಹುದು. ಕಿಡಿಯನ್ನು ಹಿಡಿಯಲು ವ್ಯಾಸಲಿನ್ ಸವರಿದ ಹತ್ತಿಯ ಉಂಡೆಗಳು ಜೊತೆಯಲ್ಲಿದ್ದರೆ ತೊಯ್ದ ಕಾಡಿನಲ್ಲಿಯೂ ಕೆಲವು ನಿಮಿಷ ಉರಿಯುವ ಜ್ವಾಲೆ ದೊರೆಯುತ್ತದೆ.

ಸಾಧನವಿದ್ದ ಮಾತ್ರಕ್ಕೆ ಎಲ್ಲವೂ ಆಯಿತೆಂದು ತಿಳಿಯಬಾರದು. ಅಮೆರಿಕದ ಕತೆಗಾರ ಜಾಕ್ ಲಂಡನ್ 1908ರಲ್ಲಿ ಪ್ರಕಟಿಸಿದ ‘ಟು ಬಿಲ್ಡ್ ಎ ಫೈರ್’ ಎಂಬ ಪ್ರಸಿದ್ಧ ಕತೆಯ ವಸ್ತು ಇದೇ. ಕೆನಡಾದ ಯೂಕಾನ್ ಪ್ರದೇಶದ ಘೋರ ಚಳಿಯಲ್ಲಿ ಒಬ್ಬಂಟಿಯಾಗಿ ನಡೆಯುತ್ತಿದ್ದವನೊಬ್ಬನ ಕಾಲು ನೀರಿನಲ್ಲಿ ತೊಯ್ಯುತ್ತದೆ. ಅವನಲ್ಲಿ ಬೆಂಕಿಕಡ್ಡಿಗಳಿವೆ, ಅವನು ಬೆಂಕಿಯನ್ನೂ ಹಾಕುತ್ತಾನೆ. ಆದರೆ ಮರದ ಕೆಳಗೆ ಹಾಕಿದುದರಿಂದ ಕೊಂಬೆಗಳ ಮೇಲಿನ ಹಿಮ ಕುಸಿದು ಬೆಂಕಿ ಆರುತ್ತದೆ. ಎರಡನೆಯ ಬಾರಿ ಪ್ರಯತ್ನಿಸುವಷ್ಟರಲ್ಲಿ ಬೆರಳುಗಳು ಅವನ ಮಾತನ್ನು ಕೇಳುವುದಿಲ್ಲ. ಬೆಂಕಿಯನ್ನು ನಂಬಿದವನು ಸ್ಥಳವನ್ನೂ ಹೊತ್ತನ್ನೂ ಅರಿತಿರಬೇಕೆಂಬುದನ್ನು ಆ ಕತೆ ಮನಮುಟ್ಟುವಂತೆ ತೋರಿಸುತ್ತದೆ.

ಬೆಂಕಿ ಹೊತ್ತದೆ ಒಬ್ಬನು ಕೆಟ್ಟುದು ಕತೆಯಲ್ಲಿ. ಬೆಂಕಿ ಹೊತ್ತಿದುದರಿಂದ ಸಾವಿರಾರು ಮಂದಿ ಕೆಟ್ಟ ಎರಡು ಘಟನೆಗಳು ನಿಜಜೀವನದಲ್ಲಿಯೇ ನಡೆದುಹೋಗಿವೆ. ಮೊದಲನೆಯದು ಅರಿಜೋನ ಪ್ರಾಂತದ್ದು. 2002ರ ಜೂನ್ ತಿಂಗಳಲ್ಲಿ ಆ ನಾಡು ತೀವ್ರವಾದ ಬರದಿಂದ ಬೆಂದಿತ್ತು. ಅಪಾಚೆ ಜನರ ಅರಣ್ಯಪ್ರದೇಶದಲ್ಲಿ ವಾಹನದ ಇಂಧನ ಮುಗಿದು, ಮಹಿಳೆಯೊಬ್ಬಳು ನೆರವನ್ನು ಅರಸಿ ನಡೆದು ದಾರಿ ತಪ್ಪಿದಳು. ಕಾಲಿನಲ್ಲಿ ಹವಾಯಿ ಚಪ್ಪಲಿ, ಕೈಯಲ್ಲಿ ಲೈಟರ್. ಅಲೆದಲೆದು ಬಳಲಿದ ಅವಳು ಜೂನ್ 20ರಂದು ಹೆಲಿಕಾಪ್ಟರೊಂದನ್ನು ಕಂಡು ಅದರ ಗಮನವನ್ನು ಸೆಳೆಯಲು ಪೊದೆಗೆ ಬೆಂಕಿಯಿಟ್ಟಳು. ಅವಳೇನೋ ಬದುಕಿದಳು. ಆದರೆ ಆ ಬೆಂಕಿ, ಎರಡು ದಿನ ಮೊದಲು ಬೇರೊಬ್ಬನು ಬೇಕೆಂದೇ ಇಟ್ಟಿದ್ದ ಮತ್ತೊಂದು ಬೆಂಕಿಯೊಡನೆ ಕೂಡಿಕೊಂಡು 4,60,000 ಎಕರೆಗೂ ಹೆಚ್ಚಿನ ಕಾಡನ್ನು ಸುಟ್ಟಿತು. ನಾನ್ನೂರಕ್ಕೂ ಹೆಚ್ಚು ಕಟ್ಟಡಗಳು ಬೂದಿಯಾದುವು. ಸುಮಾರು ಮೂವತ್ತು ಸಾವಿರ ಜನ ಮನೆಮಠ ಬಿಟ್ಟು ಓಡಬೇಕಾಯಿತು. ಮರವನ್ನು ನೆಚ್ಚಿ ಬಾಳುತ್ತಿದ್ದ ಅಪಾಚೆ ಜನರ ಜೀವನೋಪಾಯವೇ ಉರಿದುಹೋಯಿತು.

ಎರಡನೆಯದು ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೊ ಜಿಲ್ಲೆಯದು. 2003ರ ಅಕ್ಟೋಬರ್ 25ರ ಸಂಜೆ, ಸಂಗಡಿಗನಿಂದ ಅಗಲಿ ದಾರಿ ತಪ್ಪಿದ ಬೇಟೆಗಾರನೊಬ್ಬನು ತಾನಿರುವ ಎಡೆ ತಿಳಿಯಲೆಂದು ಬೆಂಕಿ ಹಾಕಿದನು. ಹೆಲಿಕಾಪ್ಟರ್ ಬಂದು ಅವನನ್ನು ಪಾರುಮಾಡಿತು. ಆಗ ಆ ಬೆಂಕಿ ಇನ್ನೂ ಚಿಕ್ಕದು. ಆದರೆ ಕತ್ತಲಾಗುತ್ತ ಬಂದುದರಿಂದ ನೀರು ಸುರಿಯುವ ವಿಮಾನಗಳು ಹಾರುವಂತಿರಲಿಲ್ಲ. ರಾತ್ರಿ ಮರುಭೂಮಿಯ ಕಡೆಯಿಂದ ‘ಸಾಂಟಾ ಆನ’ ಎಂಬ ಒಣ ಬಿರುಗಾಳಿ ಬೀಸಿತು. ಬೆಂಕಿ ಊರುಗಳತ್ತ ಧಾವಿಸಿತು. 2,73,000 ಎಕರೆ ಭೂಮಿ, ಎರಡು ಸಾವಿರಕ್ಕೂ ಹೆಚ್ಚು ಮನೆಗಳು ಸುಟ್ಟುಹೋದುವು. ಅಗ್ನಿಶಾಮಕ ದಳದವನೊಬ್ಬನೂ ಸೇರಿ 15 ಮಂದಿ ಸತ್ತರು. ನ್ಯಾಯಾಲಯ ಬೇಟೆಗಾರನಿಗೆ ಶಿಕ್ಷೆ ವಿಧಿಸಿತು. ಆದರೆ ಯಾವ ಶಿಕ್ಷೆ ತಾನೇ ಸತ್ತವರನ್ನು ಮರಳಿ ತಂದೀತು?

ಈ ಇಬ್ಬರೂ ದುಷ್ಟರಲ್ಲ. ಭಯದಿಂದ ಕಂಗೆಟ್ಟ ಸಾಮಾನ್ಯರು. ಇವರು ಬೆಂಕಿ ಹಚ್ಚಿದುದು ಮೈ ಕಾಯಿಸಿಕೊಳ್ಳುವುದಕ್ಕಲ್ಲ, ಸಂಕೇತ ಕೊಡುವುದಕ್ಕೆ. ಇದನ್ನು ನಾವು ಗಮನಿಸಬೇಕು. ಮೈ ಕಾಯಿಸುವ ಬೆಂಕಿ ಅನಿವಾರ್ಯವಾಗುವುದು ಹೆಚ್ಚಾಗಿ ಮಳೆಯಲ್ಲಿ, ಹಿಮದಲ್ಲಿ. ಆಗ ಕಾಡೂ ತೊಯ್ದಿರುವುದರಿಂದ ಅದು ಹಬ್ಬುವ ಭಯ ಕಡಿಮೆ. ಸಂಕೇತದ ಬೆಂಕಿಯ ಆಸೆ ಹುಟ್ಟುವುದಾದರೋ ಬಿಸಿಲಿನಲ್ಲಿ, ಬಾಯಾರಿಕೆಯಲ್ಲಿ, ಒಣಗಿದ ಹುಲ್ಲಿನ ನಡುವೆ. ಆಗ ಕಾಡು ಒಂದೇ ಒಂದು ಕಿಡಿಗಾಗಿ ಕಾದಿರುತ್ತದೆ. ಮೇಲಾಗಿ ಮೈ ಕಾಯಿಸುವ ಬೆಂಕಿ ಚಿಕ್ಕದಾಗಿದ್ದಷ್ಟೂ ಒಳ್ಳೆಯದು. ಸಂಕೇತದ ಬೆಂಕಿ ದೊಡ್ಡದಾಗದೆ ಕಾಣುವುದೇ ಇಲ್ಲ. ಆದುದರಿಂದ ನಿರ್ಬಂಧದ ಕಾಲದಲ್ಲಿ ಸಂಕೇತಕ್ಕಾಗಿ ಬೆಂಕಿಯನ್ನು ಎಣಿಕೆಗೇ ತಂದುಕೊಳ್ಳಬಾರದು.

ಸಂಕೇತ ಕೊಡಲು ಬೇರೆ ಉಪಾಯಗಳಿವೆ. ಮೂರು ಬಾರಿ ಊದಿದ ಸೀಟಿ ಅಲ್ಲಿ ಆಪತ್ತಿನ ಕರೆಯೆಂದು ಪರಿಚಿತವಾಗಿದೆ. ಅಂಗೈಯಷ್ಟು ಕನ್ನಡಿಯಿಂದ ಚಿಮ್ಮಿಸಿದ ಬಿಸಿಲಿನ ಹೊಳಪನ್ನು ವಿಮಾನ ಚಾಲಕರು ಮೈಲಿಗಳಾಚೆಯಿಂದ ಕಾಣಬಲ್ಲರು. ಇದಕ್ಕೂ ಮಿಗಿಲಾದುದು, ಗುಂಡಿಯನ್ನೊತ್ತಿದೊಡನೆ ಉಪಗ್ರಹಗಳಿಗೆ ಸುದ್ದಿ ಮುಟ್ಟಿಸುವ ಕೈಹಿಡಿಯ ರೇಡಿಯೊ ಯಂತ್ರ. ಅದರ ಕರೆಯನ್ನು ಆಲಿಸುವ ‘ಕೊಸ್ಪಾಸ್-ಸಾರ್‌ಸ್ಯಾಟ್’ ವ್ಯವಸ್ಥೆಯನ್ನು ಕಟ್ಟಿದವರು ಅಮೆರಿಕ, ಕೆನಡಾ, ಫ್ರಾನ್ಸ್ ಮತ್ತು ಅಂದಿನ ಸೋವಿಯತ್ ಒಕ್ಕೂಟ. ಪರಸ್ಪರ ವೈರವಿದ್ದ ರಾಷ್ಟ್ರಗಳು ದಾರಿ ತಪ್ಪಿದವರ ಸಲುವಾಗಿ ಒಂದಾದುವು. 1982ರಲ್ಲಿ ಅದರಿಂದ ಮೊದಲ ಬಾರಿಗೆ ಜೀವಗಳು ಉಳಿದುವು. ಭಾರತವೂ ಈ ವ್ಯವಸ್ಥೆಯಲ್ಲಿ ಭಾಗಿಯಾಗಿದ್ದು, ನಮ್ಮ ದೇಶದ ನಿಯಂತ್ರಣ ಕೇಂದ್ರ ಬೆಂಗಳೂರಿನಲ್ಲಿ ಇಸ್ರೋ ಸಂಸ್ಥೆಯ ಆಶ್ರಯದಲ್ಲಿದೆ. ಇಷ್ಟೆಲ್ಲ ಇಲ್ಲದವರೂ ಮಾಡಬಹುದಾದ ಕೆಲಸವೊಂದುಂಟು. ಎಲ್ಲಿಗೆ ಹೋಗುತ್ತೇವೆ, ಎಂದು ಮರಳುತ್ತೇವೆ ಎಂಬುದನ್ನು ಮನೆಯವರಿಗೆ ತಿಳಿಸಿ ಹೊರಡುವುದು. ದಾರಿ ತಪ್ಪಿತೆಂದು ತಿಳಿದಾಗ ಇದ್ದಲ್ಲಿಯೇ ನಿಲ್ಲುವುದು.

ಚಳಿಗೂ ಮೊದಲ ಮದ್ದು ಬೆಂಕಿಯಲ್ಲ. ಒಣಗಿದ ಉಣ್ಣೆಯ ಉಡುಪು, ಮಳೆ ತಡೆಯುವ ಹೊದಿಕೆ, ನೆಲದ ತಣ್ಪನ್ನು ತಡೆಯುವ ಹಾಸು, ಒಂದಿಷ್ಟು ತಿಂಡಿ ಇವುಗಳು ಕಿಡಿಯನ್ನು ಬೇಡದೆಯೇ ಮೈಯನ್ನು ಬೆಚ್ಚಗಿಡುತ್ತವೆ. ಇವೆಲ್ಲ ಸಾಲದೆ ಪ್ರಾಣವೇ ಹೋಗುವ ಹೊತ್ತು ಬಂದರೆ ಮಾತ್ರ ಬೆಂಕಿ. ಆಗಲೂ ಅದನ್ನು ಹೊಳೆಯ ಮರಳಿನ ಮೇಲೋ ಬಂಡೆಯ ಮೇಲೋ ಹಾಕಬೇಕು. ಇಲ್ಲವಾದರೆ ತರಗೆಲೆಯನ್ನೆಲ್ಲ ಗೋರಿ ಬರಿಯ ಮಣ್ಣು ಕಾಣುವಂತೆ ಮಾಡಬೇಕು. ಮೇಲೆ ಕೊಂಬೆಗಳಿರಬಾರದು, ಗಾಳಿ ಬೀಸುತ್ತಿರಬಾರದು, ಬಿಟ್ಟು ಕದಲಬಾರದು. ಆರಿಸುವಾಗ ನೀರು ಸುರಿದು, ಕಲಸಿ, ಮತ್ತೆ ನೀರು ಸುರಿಯಬೇಕು. ಬೂದಿಯ ಬಳಿ ಅಂಗೈಯ ಹಿಂಬದಿಯನ್ನು ಹಿಡಿದಾಗ ಬಿಸಿ ತಗುಲಿದರೆ ಬೆಂಕಿ ಆರಿಲ್ಲವೆಂದೇ ತಿಳಿಯಬೇಕು. ಒಣಗಿದ ಬೇರಿನೊಳಗೆ ಅವಿತ ಕೆಂಡ ದಿನಗಳ ಮೇಲೆ ತಲೆಯೆತ್ತುವುದುಂಟು.

ನಮ್ಮ ನಾಡಿನ ಸ್ಥಿತಿ ಕೊಂಚ ಬೇರೆ. ಬಂಡೀಪುರ, ನಾಗರಹೊಳೆಗಳಂಥ ಎಲೆಯುದುರುವ ಕಾಡುಗಳು ಬೇಸಗೆಯ ಮೊದಲಲ್ಲಿಯೇ ಒಣಗುತ್ತವೆ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಕಾಡು ಸುಟ್ಟುದು ನಮಗೆ ತಿಳಿದೇ ಇದೆ. ಅಭಯಾರಣ್ಯಕ್ಕೆ ಅಪಾಯವಾಗುವಂತೆ ಬೆಂಕಿ ಹಚ್ಚುವುದನ್ನೂ ಉರಿಯುವ ಬೆಂಕಿಯನ್ನು ಬಿಟ್ಟುಹೋಗುವುದನ್ನೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ನಿಷೇಧಿಸುತ್ತದೆ. ಇಲ್ಲಿ ಚಳಿಯಿಂದ ಸಾಯುವ ಭಯ ಅಲ್ಲಿಯಷ್ಟಿಲ್ಲ. ಆದುದರಿಂದ ಬೆಂಕಿಪೊಟ್ಟಣವನ್ನು ಒಳಗೆ ಒಯ್ಯಬೇಡಿರೆಂದು ಅರಣ್ಯ ಸಿಬ್ಬಂದಿ ಹೇಳಿದರೆ ಅದನ್ನು ಅವರ ವಶಕ್ಕೆ ಒಪ್ಪಿಸಿ ಮುಂದೆ ಹೋಗುವುದೇ ಯುಕ್ತ.

ಬೆಂಕಿ ಬಿದ್ದಾಗ ಬಾವಿ ತೋಡಿದರು ಎಂಬ ಗಾದೆ ನಮ್ಮಲ್ಲಿ ಪ್ರಸಿದ್ಧವಾಗಿದೆ. ಕಾಡಿಗೆ ಹೋಗುವವನು ಬಾವಿಯನ್ನು ಮೊದಲೇ ತೋಡಿರಬೇಕು. ಎಂದರೆ ಬೆಂಕಿಯೇ ಬೇಕಾಗದಂತೆ ಅಣಿಯಾಗಿ ಹೊರಡಬೇಕು. ಅವನ ಚೀಲದ ತಳದಲ್ಲಿ ಬೆಂಕಿಯ ಸಾಧನವಿರಲಿ. ಆದರೆ ಅದನ್ನು ಹೊರತೆಗೆಯುವ ಮುನ್ನ, ತನ್ನ ಪ್ರಾಣದ ಜೊತೆಗೆ ಗುಡ್ಡದಾಚೆಯ ಮನೆಗಳಲ್ಲಿ ನಿದ್ರಿಸುತ್ತಿರುವವರ ಪ್ರಾಣವೂ ತನ್ನ ಬೆರಳುಗಳಲ್ಲಿದೆ ಎಂಬುದನ್ನು ಅವನು ನೆನೆಯಲಿ.