ಮಲೆನಾಡಿನ ಜನಪದರಲ್ಲಿ ಪ್ರಾಣಿಗಳ ಆಹಾರವಾಚಿ ಪದಗಳು: ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಪರಿಸರ

ಪ್ರಾಣಿಗಳನ್ನು ಸಸ್ಯಾಹಾರಿ, ಮಾಂಸಾಹಾರಿ, ಮಿಶ್ರಾಹಾರಿ ಎಂದು ಮೂರಾಗಿ ವಿಂಗಡಿಸುವ ಕ್ರಮವು ಶಾಲಾ ಪಠ್ಯಗಳ ಮೂಲಕ ಇಂದು ಎಲ್ಲೆಡೆ ಹರಡಿದೆ. ಈ ಮೂರೂ ಸಂಸ್ಕೃತದಿಂದ ಬಂದ ಸಮಾಸಗಳು. ಪ್ರಾಣಿಯ ಹೊಟ್ಟೆಗೆ ಏನು ಸೇರುತ್ತದೆ ಎಂಬುದೊಂದೇ ಇಲ್ಲಿನ ಮಾನದಂಡ. ತುಂಗಾ ಮತ್ತು ಭದ್ರಾ ನದಿಗಳ ಮೇಲ್ಕಣಿವೆಗೆ ಸೇರಿದ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಆಡುಮಾತನ್ನು ಗಮನಿಸಿದರೆ ಬೇರೊಂದು ಬಗೆಯ ವಿಂಗಡಣೆ ಗೋಚರಿಸುತ್ತದೆ. ಅದು ನಾಮಪದಗಳಲ್ಲಿ ಅಲ್ಲ, ಕ್ರಿಯಾಪದಗಳಲ್ಲಿ ನೆಲೆಸಿದೆ.

ಅಡಿಕೆ ತೋಟ, ಭತ್ತದ ಗದ್ದೆ, ಕಾಫಿ ಮತ್ತು ದಟ್ಟ ಕಾಡು ಒಂದಕ್ಕೊಂದು ಅಂಟಿಕೊಂಡಿರುವ ಈ ಸೀಮೆಯಲ್ಲಿ ಹುಲಿ ದನವನ್ನು ‘ಹಿಡಿಯುತ್ತದೆ’. ಹಾವು ಕಪ್ಪೆಯನ್ನು ‘ನುಂಗುತ್ತದೆ’. ಗಿಡುಗ ಕೋಳಿಮರಿಯನ್ನು ‘ಎತ್ತುತ್ತದೆ’. ನರಿ ಕೋಳಿಯನ್ನು ‘ಕಚ್ಚಿಕೊಂಡು’ ಹೋಗುತ್ತದೆ. ಕೊಕ್ಕರೆ ಮೀನನ್ನು ‘ಕುಕ್ಕುತ್ತದೆ’. ಉಂಬಳ ಕಾಲಿಗೆ ‘ಹತ್ತುತ್ತದೆ’. ಬಾವಲಿ ಹಣ್ಣಡಿಕೆಯನ್ನು ‘ಚೀಪಿ’ ಕೆಳಗೆ ಹಾಕುತ್ತದೆ. ಪಠ್ಯಪುಸ್ತಕ ಒಂದೇ ಹೆಸರಿನಡಿ ತರುವ ಹುಲಿ, ಹಾವು, ಗಿಡುಗಗಳನ್ನು ಆಡುಮಾತು ಮೂರು ಕ್ರಿಯೆಗಳಾಗಿ ಬಿಡಿಸಿ ತೋರಿಸುತ್ತದೆ. ಆಹಾರ ಯಾವುದೆಂಬುದಕ್ಕಿಂತ ಅದು ಹೇಗೆ ದೊರಕಿತು, ಮನೆಯವರಿಗೆ ಏನು ನಷ್ಟವಾಯಿತು ಎಂಬುದೇ ಇಲ್ಲಿ ಮುಖ್ಯ.

‘ಮೇಯು’ ಎಂಬ ಕ್ರಿಯಾಪದ ಈ ದೃಷ್ಟಿಯಿಂದ ವಿಶೇಷ ಗಮನಕ್ಕೆ ಅರ್ಹವಾದುದು. ಮೇವು ಎಂದರೆ ಹುಲ್ಲು ಎಂಬ ಗ್ರಹಿಕೆಯಿಂದ ಇದು ಸಸ್ಯಾಹಾರವಾಚಿ ಎಂದು ತೋರಬಹುದು. ಆದರೆ ಅಂಗಳದಲ್ಲಿ ಕೆದಕಿ ಹುಳ ಹೆಕ್ಕುವ ಕೋಳಿಯೂ, ನೀರಿನಲ್ಲಿ ಕೊಕ್ಕಾಡಿಸುವ ಬಾತುಕೋಳಿಯೂ ‘ಮೇಯುತ್ತವೆ’. ಹಾಗಾಗಿ ತಿರುಗಾಡುತ್ತ ಆಹಾರ ಕಂಡುಕೊಳ್ಳುವ ರೀತಿಗೆ ಈ ಪದ ಸಲ್ಲುತ್ತದೆಯೇ ಹೊರತು ಆಹಾರದ ಸ್ವರೂಪಕ್ಕಲ್ಲ. ‘ಉಣ್ಣು’ ಎಂಬುದು ಮನುಷ್ಯರಿಗೆ ಮೀಸಲಾದ ಮಾತು; ಅದನ್ನು ಹಂಚಿಕೊಳ್ಳುವುದು ತಾಯಿಯ ಕೆಚ್ಚಲಿಗೆ ಬಾಯಿಟ್ಟ ಕರು. ‘ಎರೆ’ ಎಂಬ ಹಳೆಯ ಪದಕ್ಕೆ ಪಕ್ಷಿ, ಹಾವು ಮೊದಲಾದವುಗಳ ಆಹಾರವೆಂಬ ಅರ್ಥವಿತ್ತು. ತಮಿಳಿನ ‘ಇರೈ’, ಮಲಯಾಳದ ‘ಇರ’ ಇದರ ಜ್ಞಾತಿಪದಗಳು. ಇಂದು ಕನ್ನಡದಲ್ಲಿ ಅದು ಗಾಳಕ್ಕೆ ಸಿಕ್ಕಿಸುವ ಎರೆಯಾಗಿ, ಎರೆಹುಳುವಾಗಿ ಉಳಿದಿದೆ.

ಪ್ರಾಣಿಗಳ ಹೆಸರುಗಳಲ್ಲಿಯೂ ಇದೇ ಪ್ರವೃತ್ತಿ ಕಂಡುಬರುತ್ತದೆ. ಕೆನ್ನಾಯಿ ಎಂಬ ಹೆಸರು ಬಣ್ಣವನ್ನು ಸೂಚಿಸಿದರೆ, ಅದೇ ಪ್ರಾಣಿಯ ಸೀಳುನಾಯಿ ಎಂಬ ಹೆಸರು ಬೇಟೆಯನ್ನು ಹರಿದು ತಿನ್ನುವ ಬಗೆಯನ್ನು ಸೂಚಿಸುತ್ತದೆ. ಮರಕುಟಿಗನ ಹೆಸರಿನಲ್ಲಿ ಮರವಿದೆ, ಕುಟ್ಟುವಿಕೆಯಿದೆ, ಅದು ತಿನ್ನುವ ಹುಳದ ಸುಳಿವಿಲ್ಲ. ಮೀಂಚುಳ್ಳಿಯಲ್ಲಿ ಮಾತ್ರ ಆಹಾರವಾದ ಮೀನು ಹೆಸರಿನೊಳಗೇ ಸೇರಿದೆ. ಕಬ್ಬೆಕ್ಕು ಬೆಕ್ಕೆನಿಸಿಕೊಂಡರೂ ಕಾಫಿ ಹಣ್ಣನ್ನು ತಿಂದು ಬೀಜವನ್ನು ಹಿಕ್ಕೆಯಲ್ಲಿ ಬಿಡುತ್ತದೆ. ಕರಡಿಯ ಮುಖ್ಯ ಆಹಾರ ಗೆದ್ದಲು, ಜೇನು, ಹಣ್ಣು. ವಿಜ್ಞಾನವು ವಂಶಸಂಬಂಧದ ಆಧಾರದಿಂದ ಇವೆರಡನ್ನೂ ಹುಲಿ, ನಾಯಿಗಳಿರುವ ಮಾಂಸಾಹಾರಿ ಗಣದಲ್ಲಿಯೇ ಇರಿಸಿದೆ. ಹೆಸರಿಗೂ ಊಟಕ್ಕೂ ತಾಳೆಯಾಗದ ಸಂದರ್ಭ ಶಾಸ್ತ್ರದಲ್ಲಿಯೂ ಉಂಟು.

ಆಹಾರವನ್ನು ಕುರಿತ ಜನಪದ ನಿಲುವು ಕಥನಗಳಲ್ಲಿ ಇನ್ನಷ್ಟು ಸ್ಪಷ್ಟವಾಗುತ್ತದೆ. ಶೃಂಗೇರಿಯಲ್ಲಿ ತುಂಗೆಯ ದಡದ ಕಪ್ಪೆ ಶಂಕರ ಎಂಬ ತಾಣಕ್ಕೆ ಸಂಬಂಧಿಸಿದ ಐತಿಹ್ಯದಂತೆ, ಬಿಸಿಲಿನಲ್ಲಿ ಪ್ರಸವವೇದನೆ ಪಡುತ್ತಿದ್ದ ಕಪ್ಪೆಗೆ ಸರ್ಪವೊಂದು ಹೆಡೆಯೆತ್ತಿ ನೆರಳಾಗಿತ್ತು. ಅದನ್ನು ಕಂಡ ಶಂಕರಾಚಾರ್ಯರು ಪೀಠಕ್ಕೆ ಆ ನೆಲವನ್ನು ಆರಿಸಿಕೊಂಡರು. ಹಾವಿನ ಆಹಾರ ಕಪ್ಪೆಯೆಂಬುದು ಕೇಳುಗನಿಗೆ ತಿಳಿದಿದ್ದರೆ ಮಾತ್ರ ಈ ಕಥೆಗೆ ಅರ್ಥ. ಇಲ್ಲಿ ಹಾವು ತನ್ನ ಆಹಾರಕ್ರಮವನ್ನು ಬದಲಿಸಲಿಲ್ಲ, ಒಂದು ಗಳಿಗೆ ತಡೆಹಿಡಿಯಿತು. ಆ ತಡೆಯೇ ನೆಲದ ಮಹಿಮೆ. ಮಠದ ಬಳಿಯ ತುಂಗೆಯ ಮೀನುಗಳ ವಿಷಯದಲ್ಲಿ ತಡೆಹಿಡಿಯುವವನು ಮನುಷ್ಯ. ಅವುಗಳನ್ನು ಯಾರೂ ಹಿಡಿಯುವುದಿಲ್ಲ, ಯಾತ್ರಿಕರು ಮಂಡಕ್ಕಿ ಹಾಕುತ್ತಾರೆ.

ಕನ್ನಡ ನಾಡಿನಾದ್ಯಂತ ಪ್ರಚಲಿತವಾದ ಗೋವಿನ ಹಾಡಿನಲ್ಲಿ ಪುಣ್ಯಕೋಟಿಯನ್ನು ತಿನ್ನಲೊಲ್ಲದ ಹುಲಿ ಪ್ರಾಣವನ್ನೇ ಬಿಡುತ್ತದೆ. ಅದು ಹುಲ್ಲು ಮೇಯುವ ಹುಲಿಯಾಗಿ ಮಾರ್ಪಡುವುದಿಲ್ಲ ಎಂಬುದು ಗಮನಾರ್ಹ. ‘ಹುಲಿ ಹಸಿದರೂ ಹುಲ್ಲು ತಿನ್ನದು’ ಎಂಬ ಗಾದೆಯ ತಿಳಿವೇ ಇಲ್ಲಿಯೂ ಇದೆ. ಮಾಂಸ ತಿನ್ನುವುದನ್ನು ಜನಪದರು ಹುಲಿಯ ದೋಷವೆಂದು ಎಣಿಸಲಿಲ್ಲ. ಅದು ಹುಲಿಯ ಸಹಜ ಧರ್ಮ. ಅದಕ್ಕೆ ವ್ಯತಿರಿಕ್ತವಾಗಿ, ‘ಮಾಂಸಾಹಾರಿ’ ಎಂಬ ಪದ ಮನುಷ್ಯ ಸಮಾಜದಲ್ಲಿ ಜಾತಿ, ಪಂಕ್ತಿ, ಮಡಿಗಳ ಭಾರವನ್ನು ಹೊತ್ತಿದೆ. ಪಠ್ಯದ ಮೂಲಕ ಅದು ಪ್ರಾಣಿಗೆ ಅನ್ವಯವಾಗುವಾಗ ಆ ಭಾರವೂ ಜೊತೆಯಲ್ಲಿ ಸಾಗುವ ಸಾಧ್ಯತೆಯಿದೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ತರುವಾಯ ಶಿಕಾರಿ ನಿಂತಿತು. ಭದ್ರಾ ಅರಣ್ಯವು 1998ರಲ್ಲಿ ಹುಲಿ ಮೀಸಲು ಪ್ರದೇಶವಾಯಿತು. ಕಾಡಿಗೆ ದನ ಹೊಡೆಯುವವರು ಕಡಿಮೆಯಾದಂತೆ ಈ ಕ್ರಿಯಾಪದಗಳ ಬಳಕೆಯೂ ಕುಗ್ಗುತ್ತಿದೆ. ಸತ್ತ ದನದ ಪರಿಹಾರದ ಅರ್ಜಿಯಲ್ಲಿ ಎಲ್ಲವೂ ‘ವನ್ಯಪ್ರಾಣಿ ದಾಳಿ’. ಹುಲಿ ಸಾಮಾನ್ಯವಾಗಿ ಹಿಂಭಾಗದಿಂದ, ಚಿರತೆ ಹೊಟ್ಟೆಯ ಕಡೆಯಿಂದ ತಿನ್ನತೊಡಗುತ್ತದೆ. ಸೀಳುನಾಯಿಗಳು ಗುಂಪಾಗಿ ಹರಿಯುತ್ತವೆ. ಹಿಡಿದದ್ದು ಯಾವುದೆಂದು ಕಳೇಬರದಿಂದಲೇ ಗುರುತಿಸುವ ದನಗಾಹಿಯ ಜ್ಞಾನ ಈ ಪದಗಳಲ್ಲಿ ಅಡಗಿದೆ. ವರ್ಗೀಕರಣದ ಮೂರು ಪದಗಳನ್ನು ಮಕ್ಕಳು ಕಲಿಯುವುದು ಅವಶ್ಯ. ಜೊತೆಗೆ ಹಿಡಿ, ನುಂಗು, ಎತ್ತು, ಸೀಳು, ಚೀಪು, ಮೇಯುಗಳನ್ನೂ ಹಿರಿಯರಿಂದ ಕೇಳಿ ದಾಖಲಿಸಿದರೆ, ನೋಡಿ ಕಲಿತ ಒಂದು ಪ್ರಾಣಿಶಾಸ್ತ್ರವೇ ಉಳಿದಂತಾಗುತ್ತದೆ.