ಹುಟ್ಟು ನ್ಯೂನತೆ: ಮುಚ್ಚಿಡುವುದೇಕೆ, ದಾಖಲಿಸುವುದೇಕೆ?

ಪ್ರತಿ ಚರ್ಚಿನ ಕಚೇರಿಯಲ್ಲೂ ದೀಕ್ಷಾಸ್ನಾನದ ದಾಖಲೆ ಪುಸ್ತಕವಿರುತ್ತದೆ. ಮಗುವಿನ ಹೆಸರು, ಹುಟ್ಟಿದ ದಿನ, ತಂದೆ ತಾಯಿ, ಜ್ಞಾನ ತಂದೆ ತಾಯಿಯರ ಹೆಸರು ಅದರಲ್ಲಿ ಬರೆದಿಡಲಾಗುತ್ತದೆ. ಸರ್ಕಾರದ ಜನನ ನೋಂದಣಿಯೂ ಇದೆ. 1969ರ ಕಾಯ್ದೆಯಂತೆ 21 ದಿನಗಳೊಳಗೆ ಜನನದ ಮಾಹಿತಿ ನೀಡಬೇಕು. ಆದರೆ ಮಗು ಸೀಳು ತುಟಿ, ಸೊಟ್ಟ ಪಾದ, ಹೃದಯದಲ್ಲಿ ರಂಧ್ರ ಅಥವಾ ಬೆನ್ನುಹುರಿಯ ತೊಂದರೆಯೊಂದಿಗೆ ಹುಟ್ಟಿದರೆ ಅದನ್ನು ಯಾರು, ಯಾರಿಗೆ ತಿಳಿಸಬೇಕು? ನಮ್ಮಲ್ಲಿ ಅನೇಕ ಮನೆಗಳು ಇದನ್ನು ನೆರೆಮನೆಗೂ ತಿಳಿಯದಂತೆ ಮುಚ್ಚಿಡುತ್ತವೆ. ಮುಚ್ಚಿಟ್ಟರೆ ಆಗುವ ನಷ್ಟವೇನು ಎಂಬುದನ್ನು ಅರಿಯಲು ಇತಿಹಾಸವನ್ನು ಸ್ವಲ್ಪ ನೋಡೋಣ.

ಲೆಕ್ಕವಿಲ್ಲದೆ ಕಳೆದ ನಾಲ್ಕು ವರ್ಷ

1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಥಾಲಿಡೊಮೈಡ್ ಎಂಬ ನಿದ್ರೆಯ ಔಷಧಿ ಮಾರುಕಟ್ಟೆಗೆ ಬಂತು. ಗರ್ಭಿಣಿಯರ ವಾಂತಿಗೂ ಅದನ್ನು ಕೊಡಲಾಯಿತು. ಕೈಕಾಲುಗಳು ಸರಿಯಾಗಿ ಬೆಳೆಯದ ಮಕ್ಕಳು ಒಂದೊಂದು ಊರಲ್ಲಿ ಒಬ್ಬೊಬ್ಬರಂತೆ ಹುಟ್ಟತೊಡಗಿದರು. ಪ್ರತಿ ಮನೆಯವರೂ ಇದು ತಮ್ಮ ದುರದೃಷ್ಟ ಎಂದುಕೊಂಡರು. ಎಲ್ಲವನ್ನೂ ಒಂದೆಡೆ ಸೇರಿಸಿ ಎಣಿಸುವ ವ್ಯವಸ್ಥೆ ಇರಲಿಲ್ಲ. 1961ರ ನವೆಂಬರ್‌ನಲ್ಲಿ ಡಾ. ವಿಡುಕಿಂಡ್ ಲೆನ್ಜ್ ಎಂಬ ಮಕ್ಕಳ ವೈದ್ಯರು ಎಚ್ಚರಿಸಿದ ಬಳಿಕ ಔಷಧಿಯನ್ನು ಅಲ್ಲಿ ಹಿಂತೆಗೆದುಕೊಳ್ಳಲಾಯಿತು. ಅಷ್ಟರಲ್ಲಿ ಜಗತ್ತಿನ ಸುಮಾರು 10,000 ಮಕ್ಕಳು ಬಾಧಿತರಾಗಿದ್ದರು. ಹುಟ್ಟು ನ್ಯೂನತೆಗಳನ್ನು ನಿರಂತರವಾಗಿ ದಾಖಲಿಸಬೇಕೆಂಬ ಪಾಠವನ್ನು ಅನೇಕ ದೇಶಗಳು ಕಲಿತದ್ದು ಈ ದುರಂತದಿಂದ.

ಟೆಕ್ಸಾಸಿನ ಕಾನೂನು

ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ, ಮೆಕ್ಸಿಕೊ ಗಡಿಗೆ ತಾಗಿ ಬ್ರೌನ್ಸ್‌ವಿಲ್ ಎಂಬ ಪಟ್ಟಣವಿದೆ. 1991ರಲ್ಲಿ ಅಲ್ಲಿನ ಒಂದೇ ಆಸ್ಪತ್ರೆಯಲ್ಲಿ 36 ಗಂಟೆಗಳೊಳಗೆ ಮೂರು ಶಿಶುಗಳು ಮೆದುಳು ಮತ್ತು ತಲೆಬುರುಡೆ ಪೂರ್ಣವಾಗಿ ಬೆಳೆಯದೆ ಹುಟ್ಟಿದವು. ಇಂತಹ ಶಿಶುಗಳು ಬದುಕುಳಿಯುವುದಿಲ್ಲ. ಆಸ್ಪತ್ರೆಯ ಸಿಬ್ಬಂದಿ ಸುಮ್ಮನಿರದೆ ಆರೋಗ್ಯ ಇಲಾಖೆಗೆ ತಿಳಿಸಿದರು. ಇದು ಎಂದಿನ ಪ್ರಮಾಣವೇ, ಹೆಚ್ಚಾಗಿದೆಯೇ ಎಂದು ಹೋಲಿಸಲು ರಾಜ್ಯದ ಬಳಿ ಹಳೆಯ ದಾಖಲೆ ಇರಲಿಲ್ಲ. ಆದ್ದರಿಂದ 1993ರಲ್ಲಿ ಟೆಕ್ಸಾಸ್ ಇದಕ್ಕೆಂದೇ ಕಾನೂನು ಮಾಡಿತು. ಇಲಾಖೆಯ ನೌಕರರು ಆಸ್ಪತ್ರೆಗಳಿಗೆ ಹೋಗಿ ಕಡತಗಳನ್ನು ಪರಿಶೀಲಿಸುತ್ತಾರೆ. ಆಸ್ಪತ್ರೆಗಳು ಕಡತಗಳನ್ನು ತೋರಿಸಲೇಬೇಕು. ಕುಟುಂಬದ ಗುರುತನ್ನು ಗೋಪ್ಯವಾಗಿಡಬೇಕು. 1999ರಿಂದ ಇಡೀ ರಾಜ್ಯದ ಲೆಕ್ಕ ಸಿಗುತ್ತಿದೆ. ನ್ಯೂಯಾರ್ಕ್ ರಾಜ್ಯದ್ದು ಇನ್ನೊಂದು ಕ್ರಮ. ಅಲ್ಲಿ 1982ರಿಂದ ಆಸ್ಪತ್ರೆ ಮತ್ತು ವೈದ್ಯರೇ ವರದಿ ಕಳುಹಿಸಬೇಕು.

ಬ್ರೌನ್ಸ್‌ವಿಲ್‌ನಲ್ಲಿ ಇಂಥದೇ ಎಂಬ ಒಂದು ಖಚಿತ ಕಾರಣ ಸಿಗಲಿಲ್ಲ. ಆದರೆ ತಾಯಂದಿರಲ್ಲಿ ಫೋಲಿಕ್ ಆಸಿಡ್ ಕೊರತೆ, ಬೂಷ್ಟು ಹಿಡಿದ ಮೆಕ್ಕೆಜೋಳದ ವಿಷ ಮುಂತಾದವುಗಳ ಕಡೆಗೆ ಸಂಶೋಧಕರ ಗಮನ ಹರಿಯಿತು. ಹಿಂದೆ ಇಂತಹ ಮಗುವನ್ನು ಕಳೆದುಕೊಂಡ ತಾಯಂದಿರಿಗೆ ಫೋಲಿಕ್ ಆಸಿಡ್ ಮಾತ್ರೆ ಹಂಚಲಾಯಿತು. 1998ರಿಂದ ಅಮೆರಿಕದಲ್ಲಿ ಗೋಧಿಹಿಟ್ಟಿಗೆ ಫೋಲಿಕ್ ಆಸಿಡ್ ಬೆರೆಸುವುದು ಕಡ್ಡಾಯವಾಯಿತು. 2016ರಲ್ಲಿ ರೊಟ್ಟಿಯ ಮೆಕ್ಕೆಜೋಳದ ಹಿಟ್ಟಿಗೂ ಬೆರೆಸಲು ಅನುಮತಿ ದೊರೆಯಿತು.

ನಮ್ಮಲ್ಲಿ ಏನಿದೆ?

ಭಾರತದಲ್ಲಿ 2013ರಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಆರಂಭವಾಯಿತು. ಇದು ಕಾನೂನಲ್ಲ, ಸರ್ಕಾರದ ಕಾರ್ಯಕ್ರಮ. ಸರ್ಕಾರಿ ಆಸ್ಪತ್ರೆಯಲ್ಲಿ ಹುಟ್ಟಿದ ಮಗುವನ್ನು ಅಲ್ಲಿಯ ಸಿಬ್ಬಂದಿ, ಆರು ವಾರಗಳವರೆಗೆ ಮನೆಯಲ್ಲಿ ಆಶಾ ಕಾರ್ಯಕರ್ತೆ, ಆಮೇಲೆ ಅಂಗನವಾಡಿ ಮತ್ತು ಶಾಲೆಗಳಲ್ಲಿ ವೈದ್ಯಕೀಯ ತಂಡ ಪರೀಕ್ಷಿಸಬೇಕು. ಸೀಳು ತುಟಿ, ಸೊಟ್ಟ ಪಾದ, ಹುಟ್ಟು ಕಿವುಡು, ಹೃದಯದ ತೊಂದರೆ ಸೇರಿ ಒಂಬತ್ತು ಜನ್ಮಜಾತ ಸ್ಥಿತಿಗಳು ಇದರ ಪಟ್ಟಿಯಲ್ಲಿವೆ. ಪತ್ತೆಯಾದ ಮಗುವನ್ನು ಜಿಲ್ಲಾ ಕೇಂದ್ರಕ್ಕೆ ಕಳುಹಿಸಿ ಉಚಿತ ಚಿಕಿತ್ಸೆ ಕೊಡಿಸುವುದು ಇದರ ಉದ್ದೇಶ. ಸೊಟ್ಟ ಪಾದವನ್ನು ಮೊದಲ ವಾರಗಳಲ್ಲೇ ಪ್ಲಾಸ್ಟರ್ ಹಾಕಿ ಸರಿಪಡಿಸತೊಡಗಿದರೆ ಮಗು ಎಲ್ಲರಂತೆ ನಡೆಯಬಲ್ಲದು. ತಡವಾದರೆ ಅದೇ ಕಷ್ಟ.

ದಾಖಲೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಾವು ದೂರ ಹೋಗಬೇಕಾಗಿಲ್ಲ. ಕಾಸರಗೋಡಿನಲ್ಲೂ ನಮ್ಮ ಬೆಳ್ತಂಗಡಿ ತಾಲೂಕಿನ ಕೊಕ್ಕಡದ ಸುತ್ತಮುತ್ತಲೂ ಗೇರು ತೋಟಗಳಿಗೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಗಿತ್ತು. ಅಲ್ಲಿನ ಮಕ್ಕಳ ಸ್ಥಿತಿ ಎಲ್ಲರಿಗೂ ಗೊತ್ತು. ಆದರೆ ಸಿಂಪಡಣೆಗೆ ಮೊದಲು ಎಷ್ಟು ಮಕ್ಕಳು ನ್ಯೂನತೆಯೊಂದಿಗೆ ಹುಟ್ಟುತ್ತಿದ್ದರು, ಅನಂತರ ಎಷ್ಟು ಎಂದು ವರ್ಷವರ್ಷವೂ ಬರೆದಿಟ್ಟ ಪುಸ್ತಕವಿರಲಿಲ್ಲ. ಕಾರಣ ಯಾವುದೆಂಬ ವಾದ ವರ್ಷಗಟ್ಟಲೆ ನಡೆಯಿತು. ಸುಪ್ರೀಂ ಕೋರ್ಟ್ ಎಂಡೋಸಲ್ಫಾನನ್ನು ನಿಷೇಧಿಸಿದ್ದು 2011ರಲ್ಲಿ. ಅಲ್ಲಿಯವರೆಗೂ ಹೊರೆ ಹೊತ್ತವರು ತಾಯಂದಿರು.

ಒಂದು ಆತಂಕ

ಇಂತಹ ಲೆಕ್ಕ ಕೊನೆಗೆ ಗರ್ಭದಲ್ಲೇ ಮಗುವನ್ನು ಇಲ್ಲವಾಗಿಸಲು ಬಳಕೆಯಾಗುವುದಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಈ ಪ್ರಶ್ನೆ ನ್ಯಾಯವಾದದ್ದೇ. ಪ್ರತಿ ಜೀವವೂ ದೇವರ ಪ್ರತಿರೂಪವೆಂದು ನಂಬುವ ನಾವು ಈ ವಿಷಯದಲ್ಲಿ ಎಚ್ಚರವಾಗಿರಲೇಬೇಕು. ಆದರೆ ಹುಟ್ಟಿದ ಮಗುವಿನ ತೊಂದರೆಯನ್ನು ತಿಳಿಸುವುದು ಅದರ ಆರೈಕೆಗಾಗಿ, ಮುಂದಿನ ಮಗುವಿನ ರಕ್ಷಣೆಗಾಗಿ. ಲೆಕ್ಕಕ್ಕೆ ಬಾರದ ಮಗುವಿಗೆ ವೈದ್ಯರನ್ನು, ಶಾಲೆಯನ್ನು, ಪಿಂಚಣಿಯನ್ನು ಯಾರೂ ಸಿದ್ಧಪಡಿಸುವುದಿಲ್ಲ.

ನಾವು ಮಾಡಬೇಕಾದುದು

ಆಸ್ಪತ್ರೆಯಿಂದ ಹೊರಡುವ ಮುನ್ನ ಮಗುವನ್ನು ತಲೆಯಿಂದ ಪಾದದವರೆಗೆ ಪರೀಕ್ಷಿಸಿದ್ದಾರೆಯೇ ಎಂದು ವೈದ್ಯರಲ್ಲಿ ಕೇಳಿರಿ. ಖಾಸಗಿ ಆಸ್ಪತ್ರೆಯಲ್ಲಿ ಹೆರಿಗೆಯಾದರೂ ಊರಿನ ಆಶಾ ಕಾರ್ಯಕರ್ತೆಗೆ ತಿಳಿಸಿರಿ. ಮಗುವನ್ನು ಬಯಸುವ ಸ್ತ್ರೀಯರು ಗರ್ಭ ಧರಿಸುವುದಕ್ಕೆ ಮೊದಲೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಸೇವಿಸಬೇಕೆಂಬುದು ವೈದ್ಯರ ಸಲಹೆ. ಹಿಂದಿನ ಮಗುವಿಗೆ ಬೆನ್ನುಹುರಿಯ ತೊಂದರೆ ಇದ್ದರೆ ಹೆಚ್ಚಿನ ಪ್ರಮಾಣ ಬೇಕಾಗುತ್ತದೆ, ವೈದ್ಯರನ್ನು ಕಾಣಿರಿ. ವಾಳೆಯ ಗುರಿಕಾರರು, ಸ್ತ್ರೀ ಸಂಘಟನೆಯ ಸದಸ್ಯೆಯರು ಅಂತಹ ಮನೆಗೆ ಹೋದಾಗ ಇದು ಯಾರ ಕಡೆಯಿಂದ ಬಂತು ಎಂದು ಕೇಳದಿರಲಿ. ಜಿಲ್ಲಾ ಆಸ್ಪತ್ರೆಗೆ ಜೊತೆಯಲ್ಲಿ ಯಾರು ಬರಬೇಕು ಎಂದು ಕೇಳಲಿ.

ಹುಟ್ಟು ಕುರುಡನನ್ನು ಕಂಡ ಶಿಷ್ಯರು, ಪಾಪ ಮಾಡಿದ್ದು ಇವನೋ ಇವನ ಹೆತ್ತವರೋ ಎಂದು ಯೇಸುವನ್ನು ಕೇಳಿದ್ದರು. ಇವನೂ ಅಲ್ಲ, ಹೆತ್ತವರೂ ಅಲ್ಲ ಎಂದು ಉತ್ತರಿಸಿದ ಯೇಸು ಅಷ್ಟಕ್ಕೇ ನಿಲ್ಲದೆ ಅವನ ಕಣ್ಣುಗಳನ್ನು ಮುಟ್ಟಿದರು. ತಪ್ಪು ಯಾರದೆಂದು ಹುಡುಕುವುದನ್ನು ಬಿಟ್ಟು ನಾವೂ ಮಗುವಿನ ಕಡೆಗೆ ಕೈ ಚಾಚೋಣ.