ಇಸಿಲದ ಬಂಡೆಯಿಂದ ಕೊನೆಯ ಎಸೆತದವರೆಗೆ

ಕ್ರಿಕೆಟ್ ವರದಿಯಲ್ಲಿ ‘ಕೊನೆಯ ಎಸೆತ’ ಎಂದು ಓದುತ್ತೇವಲ್ಲ, ಆ ಮಾತಿನ ಬೇರು ಮೊಳಕಾಲ್ಮುರು ತಾಲ್ಲೂಕಿನ ಒಂದು ಬಂಡೆಯವರೆಗೂ ಹೋಗುತ್ತದೆ.

ಸಿದ್ದಾಪುರದ ಬಳಿಯ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವನ್ನು ಶಾಸನತಜ್ಞ ಬಿ.ಎಲ್. ರೈಸ್ ಪತ್ತೆ ಹಚ್ಚಿದ್ದು 1892ರಲ್ಲಿ. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಸುವರ್ಣಗಿರಿಯ ಆರ್ಯಪುತ್ರನೂ (ರಾಜಕುಮಾರ) ಮಹಾಮಾತ್ರರೂ (ಹಿರಿಯ ಅಧಿಕಾರಿಗಳು) ‘ಇಸಿಲ’ ಎಂಬ ಊರಿನ ಮಹಾಮಾತ್ರರ ಆರೋಗ್ಯ ವಿಚಾರಿಸಿ, ದೊರೆಯ ಆಜ್ಞೆ ತಿಳಿಸುತ್ತಾರೆ. ಬರೆದವನು ಚಪಡ. ತನ್ನ ‘ಲಿಪಿಕಾರ’ ಪದವಿಯನ್ನು ಮಾತ್ರ ಅವನು ದೂರದ ವಾಯವ್ಯದ ಖರೋಷ್ಠಿಯಲ್ಲಿ ಕೆತ್ತಿದ್ದಾನೆ.

ಇಸಿಲ ಪ್ರಾಕೃತದ ಹೆಸರಲ್ಲ, ಕನ್ನಡದ್ದು ಎಂದು ವಾದಿಸಿದವರು ಕನ್ನಡ ವಿದ್ವಾಂಸ ಡಿ.ಎಲ್. ನರಸಿಂಹಾಚಾರ್. ಹಳಗನ್ನಡದಲ್ಲಿ ‘ಇಸು’, ‘ಎಸು’ ಎಂದರೆ ಬಾಣ ಬಿಡು. ಬಾಣ ಬಿಡಲು ಭದ್ರವಾದ ನೆಲೆ ಇಸಿಲ, ಅಂದರೆ ಕೋಟೆ. ತಮಿಳಿನಲ್ಲೂ ‘ಎಯ್’ ಎಂದರೆ ಬಾಣ ಬಿಡು, ‘ಎಯಿಲ್’ ಎಂದರೆ ಕೋಟೆ. ಸಂಗಂ ಕಾವ್ಯಗಳ ಬೇಟೆಗಾರರು ‘ಎಯಿನರ್’. ಮಲಯಾಳಂನಲ್ಲಿ ‘ಎಯ್ಯುಕ’, ಹಳೆಯ ತೆಲುಗಿನಲ್ಲಿ ‘ಏಯು’. ಎಲ್ಲ ವಿದ್ವಾಂಸರೂ ಇದನ್ನು ಒಪ್ಪಿಲ್ಲ. ನನಗಂತೂ ವಾದ ಗಟ್ಟಿಯಾಗಿಯೇ ಕಾಣುತ್ತದೆ. ಒಂದು ಪದ ಹೋಲಿದರೆ ಆಕಸ್ಮಿಕ ಎನ್ನಬಹುದು. ಕ್ರಿಯಾಪದವೂ ಕೋಟೆಯ ಹೆಸರೂ ಜೋಡಿಯಾಗಿ ಹೋಲಿದರೆ ಹಾಗೆ ತಳ್ಳಿಹಾಕಲಾಗದು.

ಹಳಗನ್ನಡ ಕಾವ್ಯದ ಯುದ್ಧಗಳಲ್ಲಿ ‘ಎಚ್ಚನ್’ ಎಂದರೆ ಬಾಣ ಬಿಟ್ಟ, ‘ಎಸುಗೆ’ ಬಿಲ್ಲುಗಾರಿಕೆ. ಬಿಲ್ಲು ಬಾಣ ಹೋದವು, ಕ್ರಿಯಾಪದ ‘ಎಸೆ’ಯಾಗಿ ಉಳಿಯಿತು. ಕಸ ಎಸೆಯುತ್ತೇವೆ, ಶಾಲಾ ಕ್ರೀಡಾಕೂಟದಲ್ಲಿ ಗುಂಡು ಎಸೆತ, ಈಟಿ ಎಸೆತ ಇವೆ. (‘ಶೋಭಿಸು’ ಎಂಬ ಅರ್ಥದ ‘ಎಸೆ’ ಬೇರೆಯದೇ ಧಾತು.)

ಬೇರೆ ಭಾಷೆಗಳು ತಮ್ಮ ಎಸೆಯುವ ಪದದಿಂದ ಎಷ್ಟೋ ಪದ ಕಟ್ಟಿಕೊಂಡಿವೆ. ಲ್ಯಾಟಿನ್ನಿನ ‘ಯಾಕೆರೆ’ ಎಂದರೂ ಎಸೆ. ಅದರಿಂದ ‘ಯಾಕ್ತಾರೆ’, ಅದರಿಂದ ಫ್ರೆಂಚರ ದಿನಬಳಕೆಯ ‘ಜೆತೆ’. ಮುಂದಕ್ಕೆ ಎಸೆದದ್ದು ಪ್ರಾಜೆಕ್ಟ್, ಒಳಕ್ಕೆ ಎಸೆಯುವುದು ಇಂಜೆಕ್ಷನ್, ಎದುರಿಗೆ ಎಸೆದದ್ದು ಆಬ್ಜೆಕ್ಷನ್. ಜೆಟ್ ವಿಮಾನದ ಜೆಟ್ ಕೂಡ ಅದೇ ಮನೆತನದ್ದು. ಸಂಸ್ಕೃತದ ಎಸೆಯುವ ಧಾತು ‘ಕ್ಷಿಪ್’. ಆಕ್ಷೇಪ, ನಿಕ್ಷೇಪ, ಸಂಕ್ಷೇಪ, ಹಸ್ತಕ್ಷೇಪ ಅದರ ಮಕ್ಕಳು. ಚಳ್ಳಕೆರೆಯ ಕೋರ್ಟಿನಲ್ಲಿ ವಕೀಲರು ‘ಆಬ್ಜೆಕ್ಷನ್’ ಎನ್ನಲಿ, ‘ಆಕ್ಷೇಪಣೆ’ ಎನ್ನಲಿ, ಎರಡರ ಒಳಗೂ ಎಸೆಯುವ ಕೈ ಇದೆ. ನಮ್ಮ ‘ಎಸೆ’ಯಿಂದ ಮಾತ್ರ ನಾವು ಅಂಥ ಪದಗಳನ್ನು ಕಟ್ಟಲಿಲ್ಲ. ಕಟ್ಟಬಹುದಿತ್ತು, ಕ್ರೀಡಾ ವರದಿಗಾರರು ‘ಎಸೆತ’ವನ್ನು ಊರೂರಿಗೆ ಮುಟ್ಟಿಸಿ ತೋರಿಸಿದ್ದಾರೆ.

ಚಳ್ಳಕೆರೆ, ಮೊಳಕಾಲ್ಮುರು ಕಡೆಯ ಮೇಷ್ಟ್ರುಗಳಲ್ಲಿ ಒಂದು ಕೋರಿಕೆ: ಈ ವರ್ಷದ ಶಾಲಾ ಪ್ರವಾಸ ಎಲ್ಲಿಗೇ ಇರಲಿ, ಒಂದು ದಿನ ಮಕ್ಕಳನ್ನು ಬ್ರಹ್ಮಗಿರಿಗೂ ಕರೆದೊಯ್ಯಿರಿ. ಬ್ರಾಹ್ಮಿಯ ಇ, ಸಿ, ಲ ಮೂರಕ್ಷರ ಹಲಗೆಯ ಮೇಲೆ ಮೊದಲೇ ಬರೆದು ಕಲಿಸಿದ್ದರೆ, ಆ ಊರ ಹೆಸರನ್ನು ಅವರೇ ಓದಿಯಾರು.